ಮನೆವಾರ್ತೆ: ಎತ್ತಿನ ಹಲ್ಲು ಮತ್ತು ವಿದ್ಯುತ್ ಕಾರಿನ ಕಿಂಡಿ

ನಮ್ಮ ಕಡೆಯ ದನದ ಸಂತೆಯಲ್ಲಿ ಎತ್ತು ಕೊಳ್ಳಲು ಹೋದ ಗೃಹಸ್ಥನು ಮಾರುವವನ ಮಾತಿಗೆ ಮೊದಲು ಕಿವಿಗೊಡುವುದಿಲ್ಲ. ಮೂಗುದಾರ ಹಿಡಿದು, ಬಾಯಿ ತೆರೆಯಿಸಿ, ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದ್ದೋ ಎಂಬುದು ತಿಳಿದ ಮೇಲೆಯೇ ಬೆಲೆಯ ಮಾತು. ತರುವಾಯ ನಾಲ್ಕು ಹೆಜ್ಜೆ ನಡೆಯಿಸಿ, ನೊಗಕ್ಕೆ ಹೂಡಿ ನೋಡುವುದೂ ಉಂಟು. ಬಾಯಿ ತೆರೆಯಿಸಲು ಮಾರುವವನು ಒಪ್ಪದಿದ್ದರೆ, ಕೊಳ್ಳುವವನು ಮರುಮಾತಿಲ್ಲದೆ ಮುಂದಿನ ಜೋಡಿಯ ಕಡೆಗೆ ನಡೆಯುತ್ತಾನೆ. ಇಷ್ಟು ಎಚ್ಚರಿಕೆಯುಳ್ಳ ನಾವೇ ಲಕ್ಷಾವಧಿ ರೂಪಾಯಿ ಕೊಟ್ಟು ಹಳೆಯ ವಿದ್ಯುತ್ ಕಾರನ್ನು ಕೊಳ್ಳುವಾಗ ಬಣ್ಣ, ಗಾಲಿ, ಕೂಡುವ ಮೆತ್ತೆ ಇವನ್ನು ಮುಟ್ಟಿ ನೋಡಿ ತೃಪ್ತರಾಗುತ್ತೇವೆ. ಆ ಕಾರಿಗೂ ಒಂದು ಬಾಯಿಯುಂಟು. ಅದನ್ನು ತೆರೆದು ಹಲ್ಲೆಣಿಸುವ ಬಗೆಯೂ ಉಂಟು. ಈ ತಿಂಗಳ ಮನೆವಾರ್ತೆಯಲ್ಲಿ ಅದರ ಸಂಗತಿಯನ್ನು ವಾಚಕರ ಮುಂದೆ ಇಡಬೇಕೆಂದಿದ್ದೇನೆ. ಇದು ನಾನು ಪುಸ್ತಕದಿಂದ ಕಲಿತುದಕ್ಕಿಂತ ಮನೆಯ ಅಡಚಣೆಯಿಂದ ಕಲಿತದ್ದೇ ಹೆಚ್ಚು.

ಗಜೇಂದ್ರಗಡದಲ್ಲಿರುವ ನನ್ನ ಅಕ್ಕನಿಗೆ ಮೂತ್ರಪಿಂಡದ ಬೇನೆ. ವಾರಕ್ಕೆ ಎರಡು ಸಲ ಗದುಗಿಗೆ ಹೋಗಿ ರಕ್ತಶುದ್ಧಿ ಮಾಡಿಸಿಕೊಂಡು ಬರಬೇಕು. ಹೋಗಿ ಬರಲು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಚಿಕಿತ್ಸೆ ಮುಗಿದ ಮೇಲೆ ಆಕೆಗೆ ತಲೆಯೆತ್ತಲಿಕ್ಕೂ ತ್ರಾಣವಿರುವುದಿಲ್ಲ. ಬಸ್ಸಿನಲ್ಲಿ ನಿಂತು ಬರುವ ಮಾತಂತೂ ದೂರ. ಬಾಡಿಗೆಯ ಗಾಡಿಯ ಖರ್ಚು ತಿಂಗಳು ತಿಂಗಳಿಗೆ ಮನೆತನವನ್ನು ಹಣ್ಣು ಮಾಡುತ್ತಿತ್ತು. ಆಕೆಯ ಮಗ, ನನ್ನ ಸೋದರಳಿಯ, ಲೆಕ್ಕ ಹಾಕಿ ಹಳೆಯದಾದರೂ ಚಿಂತೆಯಿಲ್ಲ, ಒಂದು ವಿದ್ಯುತ್ ಕಾರು ಕೊಂಡರೆ ದಾರಿಯ ಖರ್ಚು ಬಹಳ ಇಳಿಯುತ್ತದೆಂದು ಕಂಡುಕೊಂಡನು. ರೊಕ್ಕ ಸಾಲದೆ ಬಂದಾಗ ಅಕ್ಕನು ತನ್ನ ಕೈಯ ಪಾಟಲಿಗಳನ್ನು ಬಿಚ್ಚಿ ಕೊಟ್ಟಳು. ಆದುದರಿಂದ ಕಾರಿನ ಬ್ಯಾಟರಿ ಗಟ್ಟಿಯಿದೆಯೋ ಇಲ್ಲವೋ ಎಂಬುದು ನಮಗೆ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ನರೇಗಲ್ಲಿನ ಆಚೆಗೆ ರಾತ್ರಿಯ ಹೊತ್ತಿನಲ್ಲಿ, ಸುತ್ತಲೂ ಎರೆಹೊಲಗಳ ನಡುವೆ, ರೋಗಿಯನ್ನು ಕೂಡಿಸಿಕೊಂಡು ಕಾರು ನಿಂತುಬಿಟ್ಟರೆ ಗತಿಯೇನು?

ಹುಬ್ಬಳ್ಳಿಯಲ್ಲಿ ಒಂದು ಕಾರು ನೋಡಲು ಹೋದೆವು. ಮಾಲಕರು ಸಭ್ಯರು. ಎದುರಿನ ಫಲಕದಲ್ಲಿ "೧೦೦" ಎಂದು ತೋರಿಸಿ, "ನೋಡ್ರಿ, ಬ್ಯಾಟರಿ ಪೂರ್ತಿ ಐತಿ" ಎಂದರು. ನನಗೆ ನವಿಲುತೀರ್ಥದ ಜಲಾಶಯ ನೆನಪಾಯಿತು. ನರಗುಂದದ ರೈತರು ಆ ಕಾಲುವೆಯ ನೀರನ್ನು ನಂಬಿದವರು. ಜಲಾಶಯ ತುಂಬಿ ತುಳುಕಿದರೂ ತಳದಲ್ಲಿ ಹೂಳು ಕೂತಷ್ಟು ನೀರು ಕಡಿಮೆಯೇ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾಟರಿಯೂ ಹಾಗೆಯೇ. ನೂರಕ್ಕೆ ನೂರು ಎಂದರೆ ಇಂದು ಅದು ಹಿಡಿಯುವಷ್ಟು ತುಂಬಿದೆ ಎಂದು ಅರ್ಥವೇ ಹೊರತು, ಹೊಸದಿದ್ದಾಗ ಹಿಡಿಯುತ್ತಿದ್ದಷ್ಟು ಎಂದಲ್ಲ. ಹೂಳಿನ ಲೆಕ್ಕ ಫಲಕದ ಮೇಲೆ ಕಾಣಿಸದು. ಅದು ಒಳಗಿನ ಗಣಕಯಂತ್ರದಲ್ಲಿದೆ; ಅಲ್ಲಿಗೆ ಹೋಗುವ ಬಾಗಿಲೇ ನಾನು ಹೇಳಹೊರಟ ಕಿಂಡಿ.

ಚಾಲಕನ ಸ್ಥಾನದಲ್ಲಿ ಕುಳಿತು ಬಗ್ಗಿ ನೋಡಿದರೆ, ಚುಕ್ಕಾಣಿಯ ಕೆಳಗೆ, ಪೆಡಲುಗಳ ಮೇಲ್ಗಡೆ, ಮೊರದಂತೆ ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾಗಿರುವ ಸಣ್ಣ ಗೂಡು ಸಿಕ್ಕುತ್ತದೆ. ಕೆಲವು ಕಾರುಗಳಲ್ಲಿ ಅದರ ಮೇಲೆ ಮುಚ್ಚಳವಿರುತ್ತದೆ. ಎರಡು ಸಾಲು, ಸಾಲಿಗೆ ಎಂಟರಂತೆ ಹದಿನಾರು ರಂಧ್ರಗಳು. ಹದಿನಾರನೆಯದರಲ್ಲಿ ೧೨ ವೋಲ್ಟಿನ ಸಣ್ಣ ಬ್ಯಾಟರಿಯ ವಿದ್ಯುತ್ತು ಬರುತ್ತದೆ. ನಾಲ್ಕು ಮತ್ತು ಐದನೆಯವು ನೆಲಸಂಪರ್ಕಕ್ಕೆ. ಆರು ಮತ್ತು ಹದಿನಾಲ್ಕನೆಯವು ಮಾತಿಗೆ. ಕಾರಿನೊಳಗೆ ಬ್ಯಾಟರಿಗೊಂದು, ಮೋಟಾರಿಗೊಂದು, ಬ್ರೇಕಿಗೊಂದು ಹೀಗೆ ಅನೇಕ ಸಣ್ಣ ಗಣಕಗಳಿದ್ದು, ಅವು ಒಂದೇ ಜೋಡಿ ತಂತಿಯ ಮೇಲೆ ಪರಸ್ಪರ ವರದಿ ಕಳುಹಿಸುತ್ತಿರುತ್ತವೆ. ಈ ಪದ್ಧತಿಗೆ 'ಕ್ಯಾನ್' ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿಯು ಇದನ್ನು ೧೯೮೬ರಲ್ಲಿ ಪ್ರಕಟಪಡಿಸಿತು. ಊರ ಚಾವಡಿಯಲ್ಲಿ ಕುಳಿತವನಿಗೆ ಎಲ್ಲ ಓಣಿಗಳ ಸುದ್ದಿ ಮುಟ್ಟುವಂತೆ, ಕಿಂಡಿಗೆ ಜೋಡಿಸಿದ ಯಂತ್ರವು ಈ ವರದಿಗಳನ್ನು ಕೇಳಬಲ್ಲುದು.

ಈ ಕಿಂಡಿಯು ಮೊದಲು ಹುಟ್ಟಿದ್ದು ಬ್ಯಾಟರಿಗಾಗಿ ಅಲ್ಲ, ಹೊಗೆಗಾಗಿ. ಅಮೇರಿಕೆಯಲ್ಲಿ ೧೯೯೬ರ ಮಾದರಿಯ ಕಾರುಗಳಿಂದ, ಹೊಗೆಯನ್ನು ಅಂಕೆಯಲ್ಲಿಡುವ ಭಾಗಗಳು ಕೆಟ್ಟರೆ ಯಾವ ಮೇಸ್ತ್ರಿಯಾದರೂ ಒಂದೇ ಬಗೆಯ ಯಂತ್ರದಿಂದ ಓದಿ ತಿಳಿಯುವಂತಿರಬೇಕೆಂದು ಕಾನೂನಾಯಿತು. ಅದಕ್ಕೆ 'ಓ.ಬಿ.ಡಿ.' ಎಂಬ ಹೆಸರು ರೂಢಿಯಾಗಿದೆ. ನಮ್ಮ ದೇಶದಲ್ಲಿ ೨೦೧೦ರಿಂದ ಅದರ ಮೊದಲನೆಯ ಮೆಟ್ಟಿಲೂ, ೨೦೧೩ರಿಂದ ಎರಡನೆಯ ಮೆಟ್ಟಿಲೂ ಜಾರಿಗೆ ಬಂದವು. ವಿದ್ಯುತ್ ಕಾರಿಗೆ ಹೊಗೆಯೇ ಇಲ್ಲ. ಆದ ಕಾರಣ ಹೊಗೆಗೆಂದು ನಿಯಮಿಸಿದ ಸಾಮಾನ್ಯ ಭಾಷೆಯಲ್ಲಿ ಬ್ಯಾಟರಿಯ ಸಮಾಚಾರ ಹೇಳಬೇಕೆಂಬ ಕಟ್ಟು ಅದಕ್ಕೆ ಬೀಳಲಿಲ್ಲ. ಕಿಂಡಿ ಉಂಟು, ಆದರೆ ಒಳಗಿನವರ ಮಾತು ಕಂಪನಿಗೊಂದು, ಮಾದರಿಗೊಂದು. ಸಾಮಾನ್ಯ ಯಂತ್ರವನ್ನು ಜೋಡಿಸಿದ ಅನೇಕರು, "ಕಾರು ಉತ್ತರವನ್ನೇ ಕೊಡುವುದಿಲ್ಲವಲ್ಲ" ಎಂದು ಬೇಸರಪಡುವುದಕ್ಕೆ ಇದೇ ಕಾರಣ. ಕಾರು ಮೂಕವಲ್ಲ, ನಾವು ಕೇಳಿದ ಭಾಷೆ ಅದರದಲ್ಲ.

ಬ್ಯಾಟರಿಯ ದಿನಚರಿ ಬರೆದಿಡುವ ಪದ್ಧತಿ ಮಾತ್ರ ನಮ್ಮ ನಾಡಿಗೆ ಹೊಸದಲ್ಲ. ೨೦೦೧ರಲ್ಲಿ ಬೆಂಗಳೂರಿನಿಂದ ಹೊರಬಿದ್ದ ರೇವಾ ಎಂಬ ಪುಟ್ಟ ಕಾರಿನಲ್ಲಿ, ಆರಾರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಸೇರಿ ೪೮ ವೋಲ್ಟು ಆಗುತ್ತಿದ್ದವು. ಅವುಗಳ ಮೇಲ್ವಿಚಾರಣೆಗೆ ಒಂದು ಗಣಕವನ್ನು ಇಟ್ಟಿದ್ದರು. ಲಂಡನ್ನಿನ ಬೀದಿಗಳಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಓಡಾಡಿದುದು ಇದೇ ಕಾರು. ಚೇತನ್ ಮೈನಿಯವರ ಈ ಉದ್ಯಮವನ್ನು ೨೦೧೦ರಲ್ಲಿ ಮಹೀಂದ್ರಾ ಕಂಪನಿಯವರು ತಮ್ಮ ತಾಬೆಗೆ ತೆಗೆದುಕೊಂಡರು.

ಇನ್ನು ಕಿಂಡಿಯೊಳಗೆ ಓದುವ ಸಾಧನದ ಮಾತು. ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಜೋಡಕವನ್ನು ಕಿಂಡಿಗೆ ಸಿಕ್ಕಿಸಿದರೆ ಅದು ಬ್ಲೂಟೂತಿನ ಮೂಲಕ ನಮ್ಮ ಮೊಬೈಲಿಗೆ ಸಂಖ್ಯೆಗಳನ್ನು ಕಳುಹಿಸುತ್ತದೆ. ಕೆನಡಾ ದೇಶದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿಯು ರಚಿಸಿದ ಇ.ಎಲ್.ಎಮ್. ೩೨೭ ಎಂಬ ಚಿಪ್ಪು ಇಂಥ ಜೋಡಕಗಳಿಗೆಲ್ಲ ಮೂಲ. ಆ ಕಂಪನಿಯು ೨೦೨೨ರಲ್ಲಿ ತನ್ನ ವ್ಯವಹಾರವನ್ನು ನಿಲ್ಲಿಸಿತು; ಪೇಟೆಯಲ್ಲಿ ಆ ಹೆಸರಿನಿಂದ ಅಗ್ಗವಾಗಿ ಸಿಕ್ಕುವುವು ಬಹುತರವಾಗಿ ನಕಲುಗಳೇ. ನಕಲಿನಲ್ಲಿ ಕೆಲವು ಕೆಲಸ ಮಾಡುತ್ತವೆ, ಕೆಲವು ಉದ್ದನೆಯ ಉತ್ತರ ಬಂದೊಡನೆ ತಡವರಿಸುತ್ತವೆ. ಬ್ಯಾಟರಿಯ ಉತ್ತರವು ಉದ್ದನೆಯದೇ ಆಗಿರುವುದರಿಂದ, ನಾಲ್ಕು ಕಾಸು ಹೆಚ್ಚಾದರೂ ನಂಬಿಕೆಯ ಜೋಡಕವನ್ನೇ ಕೊಳ್ಳುವುದು ಲೇಸು. ಜೊತೆಗೆ ನಮ್ಮ ಕಾರಿನ ಮಾದರಿಯ ಭಾಷೆಯನ್ನು ಬಲ್ಲ ಆ್ಯಪ್ ಮೊಬೈಲಿನಲ್ಲಿರಬೇಕು. ಕಂಪನಿಯವರು ಬಾಗಿಲಿಗೆ ಕಾವಲಿಟ್ಟಿರುವ ಕೆಲವು ಕಾರುಗಳಲ್ಲಿ ಇಷ್ಟರಿಂದಲೂ ಬ್ಯಾಟರಿಯ ಸಮಾಚಾರ ದೊರೆಯುವುದಿಲ್ಲ. ಅಂಥಲ್ಲಿ ಕಂಪನಿಯ ದುರುಸ್ತಿ ಕೇಂದ್ರದ ವರದಿಯೇ ಗತಿ.

ಹುಬ್ಬಳ್ಳಿಯ ಮಾಲಕರು ಮೊದಲು ಹಿಂಜರಿದರು. ನಾವು ಯಾವುದನ್ನೂ ಬದಲಿಸುವುದಿಲ್ಲ, ಬರಿದೆ ಓದಿ ನೋಡುತ್ತೇವೆಂದು ತಿಳಿಯಹೇಳಿದ ಮೇಲೆ ಒಪ್ಪಿದರು. ಅರ್ಧದಷ್ಟು ಚಾರ್ಜು ಇಳಿಯುವ ವರೆಗೆ ಕಾರನ್ನು ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ತಣಿಯಬಿಟ್ಟು ಓದಿದೆವು. "ಬ್ಯಾಟರಿಯ ಆರೋಗ್ಯ ೯೧" ಎಂದು ಮೊದಲಿನ ಸಾಲು. ಅಳಿಯನ ಮುಖ ಅರಳಿತು. ಆದರೆ ಕೆಳಗಿನ ಸಾಲುಗಳಲ್ಲಿ, ಎಲ್ಲಕ್ಕೂ ಹೆಚ್ಚಿನ ಸೆಲ್ಲಿನ ಒತ್ತಡ ೩.೭೧ ವೋಲ್ಟು, ಎಲ್ಲಕ್ಕೂ ಕಡಿಮೆಯದು ೩.೫೨ ವೋಲ್ಟು ಎಂದಿತ್ತು.

ಇದರ ಅರ್ಥವನ್ನು ಗೃಹಸ್ಥರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ದೊಡ್ಡ ಬ್ಯಾಟರಿಯೆಂಬುದು ಒಂದೇ ವಸ್ತುವಲ್ಲ. ಒಂದರ ಹಿಂದೆ ಒಂದು ಸಾಲಾಗಿ ಕಟ್ಟಿದ ಹಲವು ಸೆಲ್ಲುಗಳ ಸಮೂಹ. ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳ ಸಾಲಿನಲ್ಲಿ ಕುಂಟುವ ಎತ್ತು ಯಾವುದೋ ಅದರ ನಡೆಯೇ ಇಡೀ ಸಾಲಿನ ನಡೆ. ದುರ್ಬಲ ಸೆಲ್ಲು ಬರಿದಾದ ಕ್ಷಣವೇ, ಉಳಿದವುಗಳಲ್ಲಿ ಶಕ್ತಿಯಿದ್ದರೂ, ಗಣಕವು ಕಾರನ್ನು ನಿಲ್ಲಿಸಲೇಬೇಕಾಗುತ್ತದೆ. ಗಟ್ಟಿಯಾದ ಬ್ಯಾಟರಿಯಲ್ಲಿ ನಡುವಣ ಚಾರ್ಜಿನಲ್ಲಿ, ಕಾರು ನಿಂತಿರುವಾಗ, ಸೆಲ್ಲು ಸೆಲ್ಲುಗಳ ಅಂತರವು ಒಂದು ವೋಲ್ಟಿನ ನೂರರಲ್ಲಿ ಕೆಲವೇ ಪಾಲು ಇರಬೇಕು. ಇಲ್ಲಿ ಹತ್ತೊಂಬತ್ತು ಪಾಲು ಇತ್ತು. ಎಂದರೆ ಫಲಕದಲ್ಲಿ ಇನ್ನೂ ೨೫, ೩೦ ಎಂದು ತೋರಿಸುತ್ತಿರುವಾಗಲೇ ನಡುದಾರಿಯಲ್ಲಿ ಕೈಕೊಡುವ ಸಂಭವ. ಮಾಲಕರಿಗೂ ಈ ಸಂಗತಿ ತಿಳಿದಿರಲಿಲ್ಲವೆಂದೇ ನಾನು ನಂಬುತ್ತೇನೆ. ಅವರ ದಿನದ ಓಡಾಟ ಊರೊಳಗಿನದು. ನಾವು ಆ ಸಂಖ್ಯೆಗಳನ್ನು ಅವರಿಗೆ ಬರೆದುಕೊಟ್ಟು, ವಾರಂಟಿಯ ಅವಧಿ ಮುಗಿಯುವ ಮೊದಲೇ ಕಂಪನಿಯವರಿಗೆ ತೋರಿಸಿರೆಂದು ಹೇಳಿ ಎದ್ದು ಬಂದೆವು. ದಾರಿಯಲ್ಲಿ ಅಳಿಯನು, "ಮಾಮಾ, ಮ್ಯಾಲಿನ ಒಂದ ಸಾಲು ಓದಿ ಬಿಟ್ಟಿದ್ರ ಅವ್ವನ ಪಾಟಲಿ ಹೋಗಿಬಿಡತಿದ್ದು" ಎಂದನು.

ಆದುದರಿಂದ ಆರೋಗ್ಯದ ಸಂಖ್ಯೆಯೊಂದನ್ನೇ ನಂಬಬಾರದು. ಅದು ಗಣಕದ ಅಂದಾಜು, ಅಳತೆಯಲ್ಲ. ಪರದೇಶಗಳಲ್ಲಿ ಮಾರಾಟಕ್ಕೆ ಮುಂಚೆ ಆ ಅಂದಾಜನ್ನು ಹೊಸದರಂತೆ ತಿರುಗಿಸಿಟ್ಟು ಮೋಸ ಮಾಡಿದುದೂ ಉಂಟು. ಹಲ್ಲು ನೋಡಿದ ಮೇಲೆ ನೊಗಕ್ಕೆ ಹೂಡಿ ನೋಡುವ ಹಿರಿಯರ ಪದ್ಧತಿಯೇ ಇಲ್ಲಿಯೂ ಸರಿ.

ಎರಡನೆಯ ಕಾರು ಸಿಕ್ಕಿದಾಗ ಹಾಗೆಯೇ ಮಾಡಿದೆವು. ಅದರಲ್ಲಿ ಸೆಲ್ಲುಗಳ ಅಂತರ ನೂರರಲ್ಲಿ ಎರಡು ಪಾಲು ಮಾತ್ರ. ಮಾಲಕರನ್ನು ಕೂಡಿಸಿಕೊಂಡು ಹುಬ್ಬಳ್ಳಿಯಿಂದ ನವಲಗುಂದದ ಮೇಲೆ ನರಗುಂದದ ವರೆಗೆ ಹೋಗಿ, ಗುಡ್ಡದ ಬುಡದಲ್ಲಿ ಚಹ ಕುಡಿದು ಮರಳಿದೆವು; ಎಲ್ಲ ಸೇರಿ ಸುಮಾರು ೧೧೦ ಕಿಲೋಮೀಟರು, ಅಕ್ಕನ ವಾರದ ದಾರಿಯಷ್ಟೇ. ಇಳಿಜಾರಿನಲ್ಲಿ ಮತ್ತು ಬ್ರೇಕಿನಲ್ಲಿ ಬ್ಯಾಟರಿಗೆ ಮರಳಿ ಸೇರಿದುದನ್ನು ಕಳೆದು, ಕಿಂಡಿಯ ಲೆಕ್ಕದಂತೆ ೧೬ ಯೂನಿಟ್ಟು ಖರ್ಚಾಗಿತ್ತು. ಅಷ್ಟರಲ್ಲಿ ಫಲಕವು ನೂರರಿಂದ ೪೦ಕ್ಕೆ ಇಳಿದಿತ್ತು. ನೂರರಲ್ಲಿ ೬೦ ಪಾಲಿಗೆ ೧೬ ಯೂನಿಟ್ಟಾದರೆ ಪೂರ್ತಿಗೆ ೨೬.೭ ಯೂನಿಟ್ಟು. ಹೊಸದಿದ್ದಾಗ ೩೦ ಯೂನಿಟ್ಟು ಹಿಡಿಯುತ್ತಿದ್ದ ಬ್ಯಾಟರಿ ಅದು. ಎಂದರೆ ನೂರಕ್ಕೆ ೮೯ರಷ್ಟು ಉಳಿದಿದೆ. ಈ ಲೆಕ್ಕಕ್ಕೆ ಶಾಲೆಯ ತ್ರೈರಾಶಿಕ ಸಾಕು.

ಇಷ್ಟಕ್ಕೇ ನಿಲ್ಲದೆ ಮುಂದಿನದನ್ನೂ ಎಣಿಸಿದೆವು. ಚೈತ್ರ ವೈಶಾಖದ ಬಿಸಿಲಿನಲ್ಲಿ ತಂಪಿನ ಯಂತ್ರ ಹಚ್ಚಬೇಕು. ನಮ್ಮ ಬಯಲಿನಲ್ಲಿ ಎದುರುಗಾಳಿಯೂ ಕಡಿಮೆಯಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲೆ ವಿದ್ಯುತ್ತು ಹುಟ್ಟಿಸುವ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಖರ್ಚು ೨೦ ಯೂನಿಟ್ಟಿಗೆ ಏರಿತೆಂದು ಹಿಡಿದರೂ ಆರು ಯೂನಿಟ್ಟಿಗೂ ಹೆಚ್ಚು ಉಳಿಯುತ್ತದೆ. ಬ್ಯಾಟರಿಯು ಮುಂದೆ ನೂರಕ್ಕೆ ೭೫ಕ್ಕೆ ಇಳಿದರೂ ೨೨.೫ ಯೂನಿಟ್ಟು, ಆಗಲೂ ಗದುಗಿಗೆ ಹೋಗಿ ಬರಬಹುದು. ಇಷ್ಟು ಖಾತ್ರಿಯಾದ ಮೇಲೆ ಕಾರು ಗಜೇಂದ್ರಗಡಕ್ಕೆ ಬಂದಿತು.

ಇನ್ನು ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ; ಬುದ್ಧಿ ಹೇಳುವವನು ತನ್ನ ಪೆಟ್ಟನ್ನು ಮುಚ್ಚಿಡಬಾರದು. ರೋಣದಲ್ಲಿ ನಮ್ಮ ಮನೆಯಲ್ಲಿರುವ ಕಾರೂ ವಿದ್ಯುತ್ತಿನದೇ. ಉತ್ಸಾಹದಲ್ಲಿ ಜೋಡಕವನ್ನು ಅದರ ಕಿಂಡಿಗೆ ಸಿಕ್ಕಿಸಿದವನು ತೆಗೆಯಲು ಮರೆತು, ದೀಪಾವಳಿಗೆ ಪರಸ್ಥಳಕ್ಕೆ ಹೋದೆ. ಹತ್ತು ದಿನಗಳ ಮೇಲೆ ಬಂದು ನೋಡಿದರೆ ಕಾರಿನ ಬಾಗಿಲೇ ತೆರೆಯಲೊಲ್ಲದು. ದೊಡ್ಡ ಬ್ಯಾಟರಿಯಲ್ಲಿ ಅರ್ಧಕ್ಕೂ ಹೆಚ್ಚು ಶಕ್ತಿಯಿತ್ತು. ಆದರೆ ಗಣಕಗಳನ್ನು ಎಚ್ಚರಿಸುವ ೧೨ ವೋಲ್ಟಿನ ಸಣ್ಣ ಬ್ಯಾಟರಿಯನ್ನು ಆ ಜೋಡಕವು ಹನಿಹನಿಯಾಗಿ ಹೀರಿಬಿಟ್ಟಿತ್ತು. ಕಣಜ ತುಂಬಿದ್ದರೂ ಕೀಲಿಕೈ ಬಾವಿಗೆ ಬಿದ್ದ ಮನೆಯಂತಾಯಿತು. ಕೈಪಿಡಿಯಲ್ಲಿ ಹೇಳಿದ ಕ್ರಮದಂತೆ ನೆರೆಮನೆಯ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಜೀವ ತುಂಬಿಸಬೇಕಾಯಿತು. ಅಂದು ಅಕ್ಕನಿಗೆ ಚಿಕಿತ್ಸೆಯ ದಿನವಾಗಿರಲಿಲ್ಲವೆಂಬುದೇ ಸಮಾಧಾನ.

ಈ ಅನುಭವಗಳಿಂದ ಮನೆಯವರು ನೆನಪಿಡತಕ್ಕ ಮಾತುಗಳನ್ನು ಕೆಳಗೆ ಬರೆದಿದ್ದೇನೆ.

(೧) ಕಾರು ನಿಂತಿರುವಾಗಲೇ ಜೋಡಕವನ್ನು ಹಾಕಿ, ಓದಿ, ಕೂಡಲೇ ತೆಗೆದಿಡಬೇಕು. ಓಡಿಸುವವನು ಸಂಖ್ಯೆಗಳನ್ನು ನೋಡುತ್ತ ಓಡಿಸಕೂಡದು.

(೨) ಓದುವುದು ಬೇರೆ, ಬರೆಯುವುದು ಬೇರೆ. ಆ್ಯಪಿನಲ್ಲಿ ದೋಷದ ಗುರುತುಗಳನ್ನು ಅಳಿಸುವ, ಕಾರಿನ ನಡತೆಯನ್ನು ಬದಲಿಸುವ ಗುಂಡಿಗಳೂ ಇರಬಹುದು. ಅವನ್ನು ಮುಟ್ಟಬಾರದು. ಅಳಿಸಿದರೆ ಗುರುತು ಹೋಗುತ್ತದೆ, ದೋಷ ಹೋಗುವುದಿಲ್ಲ.

(೩) ದೋಷದ ಗುರುತು ಒಂದು ಅಕ್ಷರ ಮತ್ತು ನಾಲ್ಕು ಚಿಹ್ನೆಗಳಿಂದ ಕೂಡಿರುತ್ತದೆ. ಅದನ್ನು ಹಾಗೆಯೇ ಚೀಟಿಯಲ್ಲಿ ಬರೆದುಕೊಂಡು ಮೇಸ್ತ್ರಿಗೆ ಕೊಡಬೇಕು. 'ಪಿ೦ಎಎ೬' ಎಂದು ಬಂದರೆ ದೊಡ್ಡ ಬ್ಯಾಟರಿಯ ವಿದ್ಯುತ್ತಿಗೂ ಕಾರಿನ ಒಡಲಿಗೂ ನಡುವಿನ ತಡೆ ದುರ್ಬಲವಾಗಿದೆಯೆಂದು ಸೂಚನೆ. ಅಂಥ ಕಾರಿನ ಬಾನೆಟ್ಟನ್ನು ತೆರೆದು ಕೈಹಾಕದೆ, ಬಲ್ಲವರನ್ನು ಕರೆಯಿಸಬೇಕು.

(೪) ಕಿಂಡಿಯಲ್ಲಿರುವುದು ೧೨ ವೋಲ್ಟು. ಅದರಿಂದ ಜೀವಕ್ಕೆ ಭಯವಿಲ್ಲ. ಆದರೆ ಕಿತ್ತಳೆ ಬಣ್ಣದ ಹೊದಿಕೆಯ ತಂತಿಗಳಲ್ಲಿ ಹರಿಯುವುದು ನೂರಾರು ವೋಲ್ಟು. ಅವುಗಳ ಗೊಡವೆ ಮನೆಯವರಿಗೆ ಸರ್ವಥಾ ಬೇಡ. ಮಕ್ಕಳಿಗೂ ಇದನ್ನು ಹೇಳಿಡಬೇಕು.

(೫) ಹೊಸ ಕಾರು ಕೊಂಡವರು ಮೊದಲ ತಿಂಗಳಲ್ಲೇ ಒಮ್ಮೆ ಸಂಖ್ಯೆಗಳನ್ನು ಓದಿ, ಅನಂತರ ಆರು ತಿಂಗಳಿಗೊಮ್ಮೆ ದಿನಾಂಕ ಸಹಿತ ವಹಿಯಲ್ಲಿ ಬರೆದಿಡುವುದು ಒಳ್ಳೆಯದು. ವಾರಂಟಿಯ ಪ್ರಶ್ನೆ ಬಂದಾಗ ಬಾಯಿಮಾತಿಗಿಂತ ವಹಿಯ ಮಾತಿಗೆ ಬೆಲೆ ಹೆಚ್ಚು. ವಾರಂಟಿಯಲ್ಲಿರುವ ಕಾರಿಗೆ ಸರ್ವಿಸ್ ಆದಾಗಲೆಲ್ಲ ಬ್ಯಾಟರಿಯ ವರದಿಯನ್ನು ಕಾಗದದ ಮೇಲೆ ಕೇಳಿ ಪಡೆಯಿರಿ.

(೬) ಗುಪ್ತಸಂಖ್ಯೆಯಿಲ್ಲದ ಜೋಡಕವನ್ನು ಕಿಂಡಿಯಲ್ಲಿ ಬಿಟ್ಟರೆ, ಹತ್ತಿರ ನಿಂತ ಪರರೂ ಅದರೊಡನೆ ಮಾತಾಡಬಹುದು. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದಂತೆ ಇದರಲ್ಲಿಯೂ ಎಚ್ಚರ ಬೇಕು.

ಕಡೆಯದಾಗಿ, ಇದರಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ನಮ್ಮೂರಿನ ಮೇಸ್ತ್ರಿಯು ಡೀಜೆಲ್ ಯಂತ್ರದ ಸಪ್ಪಳ ಕೇಳಿಯೇ ರೋಗ ಹೇಳುವವನು. ವಿದ್ಯುತ್ ಕಾರು ಅವನೆದುರು ಸುಮ್ಮನಿರುತ್ತದೆ. ಸಣ್ಣ ತೊಂದರೆಗೂ ನಾವು ಹುಬ್ಬಳ್ಳಿಯ ಹಾದಿ ಹಿಡಿಯಬೇಕಾಗುತ್ತದೆ. ರೊಕ್ಕ ಕೊಟ್ಟು ಕೊಂಡವನು ತನ್ನ ವಸ್ತುವಿನ ಸಮಾಚಾರವನ್ನು ತಾನೇ ತಿಳಿಯಬಾರದೆಂದರೆ ಹೇಗೆ? ಈ ಕೂಗು ನಮ್ಮೊಬ್ಬರದೇ ಅಲ್ಲ. ಬಿಡಿಭಾಗಗಳನ್ನೂ ದೋಷ ಕಂಡುಹಿಡಿಯುವ ಸಾಧನಗಳನ್ನೂ ಹೊರಗಿನ ಮೇಸ್ತ್ರಿಗಳಿಗೆ ದೊರೆಯಗೊಡುತ್ತಿಲ್ಲವೆಂಬ ದೂರನ್ನು ವಿಚಾರಿಸಿ, ಭಾರತದ ಸ್ಪರ್ಧಾ ಆಯೋಗವು ೨೦೧೪ನೆಯ ಆಗಸ್ಟ್ ೨೫ರಂದು ಹದಿನಾಲ್ಕು ಕಾರು ಕಂಪನಿಗಳ ವಿರುದ್ಧ ತೀರ್ಪುಕೊಟ್ಟು, ೨,೫೪೪ ಕೋಟಿ ರೂಪಾಯಿಗಳಿಗೂ ಮಿಕ್ಕಿದ ದಂಡ ವಿಧಿಸಿತು. ಆ ಸಾಧನಗಳು ಹೊರಗಿನವರಿಗೂ ದೊರೆಯಬೇಕೆಂದು ಹೇಳಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. ೨೦೨೨ರ ಡಿಸೆಂಬರದಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರುಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆಯಿತು. ಮೋಟಾರು ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಯುರೋಪಿನ ಒಕ್ಕೂಟದವರು ೨೦೨೩ರಲ್ಲಿ ಮಾಡಿದ ಬ್ಯಾಟರಿ ಕಾನೂನಿನ ಪ್ರಕಾರ, ೨೦೨೪ನೆಯ ಆಗಸ್ಟ್ ೧೮ರಿಂದ ಅಲ್ಲಿಯ ವಿದ್ಯುತ್ ವಾಹನದ ಬ್ಯಾಟರಿಯ ಆರೋಗ್ಯದ ಲೆಕ್ಕ ಬ್ಯಾಟರಿಯ ಗಣಕದಲ್ಲಿರಬೇಕು. ಅದನ್ನು ಓದುವ ಅಧಿಕಾರ ಕೊಂಡವನಿಗೆ ಇರಬೇಕು. ನಮ್ಮಲ್ಲಿಯೂ ಅಂಥ ಕಟ್ಟಳೆ ಬಂದರೆ ರೋಣದ ಮೇಸ್ತ್ರಿಗೂ ಗಜೇಂದ್ರಗಡದ ಗೃಹಸ್ಥನಿಗೂ ಒಂದೇ ಭಾಷೆಯಲ್ಲಿ ಉತ್ತರ ದೊರೆತೀತು.

ಅಕ್ಕನು ಈಗ ವಾರಕ್ಕೆರಡು ಸಲ ಅದೇ ಕಾರಿನಲ್ಲಿ ಗದುಗಿಗೆ ಹೋಗಿ ಬರುತ್ತಾಳೆ. ಬರುವಾಗ ಹಿಂದಿನ ಮೆತ್ತೆಯ ಮೇಲೆ ಒರಗಿ ನಿದ್ರೆ ಮಾಡುತ್ತಾಳಂತೆ. ಅಳಿಯನು ಅಡಿಗೆಮನೆಯ ಗೋಡೆಯ ಪಂಚಾಂಗದ ಪಕ್ಕಕ್ಕೆ ಒಂದು ಚೀಟಿ ಅಂಟಿಸಿ, ಅಮಾವಾಸ್ಯೆಗೊಮ್ಮೆ ಕಿಂಡಿಯ ಸಂಖ್ಯೆಗಳನ್ನು ಬರೆಯುತ್ತಿದ್ದಾನೆ. ಹಿಂದಿನ ತಿಂಗಳು ಹೋದಾಗ ನೋಡಿದೆ: ಅಂತರ ಇನ್ನೂ ನೂರರಲ್ಲಿ ಎರಡೇ ಪಾಲು.

ಈ ವಿಷಯದಲ್ಲಿ ವಾಚಕರು ತಮಗೆ ಬಂದ ಅನುಭವಗಳನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಅವುಗಳನ್ನು ಕುರಿತು ವಿಚಾರಿಸೋಣ.